ಫುಲೇರಾದಲ್ಲಿ ನಮ್ಮ ಮನೆ ಎಲ್ಲಿ?

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸು. ಹಿಂದಿನ ಸೀಟಿನ ಹುಡುಗರ ಮೊಬೈಲಿನಿಂದ ಹಿಂದಿ ಬೈಗುಳಗಳು ಜೋರಾಗಿ ಕೇಳಿಬರುತ್ತಿದ್ದವು. 'ಮಿರ್ಜಾಪುರ' ಎಂಬ ವೆಬ್ ಸರಣಿಯದ್ದು. ಮೆಕ್ಕೆಜೋಳದ ಬೀಜದ ಚೀಲವನ್ನು ಕಾಲ ಬಳಿ ಇಟ್ಟುಕೊಂಡಿದ್ದ ರೈತರೊಬ್ಬರಿಗೆ ಅದು ಅರ್ಥವಾಗಲಿಲ್ಲ. ಹಾಗಾಗಿ ಅವರಿಗೆ ತೊಂದರೆಯೂ ಆಗಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಬುರ್ಖಾದ ಅಜ್ಜಿಗೆ ಮಾತ್ರ ಒಂದೊಂದು ಶಬ್ದವೂ ಅರ್ಥವಾಗಿತ್ತು. ಅವರು ತಿರುಗಿ, "ಕಾಯ್ಕು ರೇ ಬಾಬಾ, ಬಂದ್ ಕರ್" ಎಂದರು. ಹುಡುಗರು ನಾಚಿಕೊಂಡು ಬಂದ್ ಮಾಡಿದರು.

ನಮ್ಮ ಈ ಎರಡು ತಾಲೂಕುಗಳಲ್ಲಿ ಹಿಂದಿ ಸರಣಿಗಳು ಯಾರನ್ನು ಹೇಗೆ ತಲುಪುತ್ತಿವೆ ಎಂಬುದಕ್ಕೆ ಈ ಬಸ್ಸೇ ಸಾಕ್ಷಿ. ಇಲ್ಲಿನ ಹೆಚ್ಚಿನ ಮುಸ್ಲಿಮರ ಮನೆಮಾತು ದಖ್ಖನಿ. ಸಂತೆಯಲ್ಲಿ, ತಾಲೂಕು ಕಚೇರಿಯಲ್ಲಿ, ಅಡಿಕೆ ಮಂಡಿಯಲ್ಲಿ ಕನ್ನಡ. ಹಾಗಾಗಿ ಮುಂಬೈಯಲ್ಲಿ ತಯಾರಾದ ಹಿಂದಿ ಸರಣಿ ಯಾವ ಅಡ್ಡಿಯೂ ಇಲ್ಲದೆ ನೇರವಾಗಿ ನಮ್ಮ ಅಡುಗೆಮನೆಯವರೆಗೆ ಬಂದುಬಿಡುತ್ತದೆ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಾಗ ಅದಕ್ಕೆ ದಾರಿಯಾಯಿತು. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ, ಶಾಲೆ, ಮದುವೆ ಎಲ್ಲವೂ ನಿಂತಾಗ ಅದು ಮನೆಯೊಳಗೇ ಬಿಡಾರ ಹೂಡಿತು. ಹಾಗಂತ ಇದು ಮುಸ್ಲಿಂ ಮನೆಗಳ ಸಂಗತಿ ಮಾತ್ರವೂ ಅಲ್ಲ. ಸೊರಬದ ಕನ್ನಡ ಮನೆಗಳ ಹುಡುಗರೂ ಈಗ ಹಿಂದಿ ಕಲಿಯುತ್ತಿರುವುದು ಶಾಲೆಯ ಪಠ್ಯದಿಂದಲ್ಲ, ಈ ಸರಣಿಗಳಿಂದ.

ನಾವು ಈ ಬಗ್ಗೆ ಬರೆಯಬೇಕೆಂದುಕೊಂಡದ್ದು ಬೇರೊಂದು ಘಟನೆಯಿಂದ. ನಮ್ಮ ಪರಿಚಯದ ಹುಡುಗನೊಬ್ಬ, ಪಿಯುಸಿ ವಿದ್ಯಾರ್ಥಿ, ಸೊರಬದಲ್ಲಿ ತನ್ನ ಸಹಪಾಠಿಯ ಮನೆಯಲ್ಲಿ ಕೂತು 'ದಿ ಫ್ಯಾಮಿಲಿ ಮ್ಯಾನ್' ನೋಡುತ್ತಿದ್ದ. ಆ ಮನೆಯಲ್ಲಿ ದೊಡ್ಡ ಟಿವಿ ಇದೆ. ಪರದೆಯ ಮೇಲೆ ಗಡ್ಡದವನೊಬ್ಬ ಸಂಚು ಹೂಡುತ್ತಿದ್ದ ಹೊತ್ತಿಗೆ ಗೆಳೆಯನ ತಾಯಿ ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದು ಒಳಗೆ ಬಂದರು. ಒಮ್ಮೆ ಟಿವಿ ನೋಡಿದರು, ಒಮ್ಮೆ ಇವನನ್ನು ನೋಡಿದರು. "ಬೇರೆ ಏನಾದ್ರೂ ಹಾಕ್ರೋ" ಎಂದರು. ಅವರ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಆದರೆ ಹುಡುಗ ನಮ್ಮಲ್ಲಿ ಹೇಳಿದ್ದು ಇಷ್ಟು: "ಸರಣಿ ನೋಡಿ ನಂಗೇನೂ ಅನ್ಸಿರ್ಲಿಲ್ಲ. ಆಂಟಿ ಹಾಗಂದ್ರಲ್ಲ, ಆಗ ಅನ್ಸ್ತು."

ಬೈಗುಳ ಇದೆಯೇ, ಅಶ್ಲೀಲ ಇದೆಯೇ ಎಂದು ಕೇಳುವ ತಾಯ್ತಂದೆಯರು ಬಹಳ. ಕೇಳಲೇಬೇಕು. ಆದರೆ ಈ ಹುಡುಗನ ಮಾತು ಕೇಳಿದ ಮೇಲೆ ನಮಗೆ ಮತ್ತೊಂದು ಪ್ರಶ್ನೆ ಮುಖ್ಯವೆನಿಸಿತು. ಎರಡು ಮನೆಯ ಮಕ್ಕಳು ಒಂದೇ ಚಾಪೆಯ ಮೇಲೆ ಕೂತು, ಯಾರೂ ಯಾರ ಮುಖವನ್ನೂ ಕದ್ದು ನೋಡದೆ, ನೋಡಬಹುದಾದ ಸರಣಿ ಯಾವುದು? ಈ ಪ್ರಶ್ನೆಯನ್ನು ಇಟ್ಟುಕೊಂಡು ಹೆಸರಾದ ಹತ್ತು ಹನ್ನೆರಡು ಸರಣಿಗಳನ್ನು ನಾವು ನೋಡಿದೆವು. ಕೆಲವನ್ನು ಎರಡು ಸಲ ನೋಡಿದೆವು. ಇನ್ನು ಕೆಲವನ್ನು ಅರ್ಧಕ್ಕೇ ಬಿಟ್ಟೆವು.

ಬಿಟ್ಟವುಗಳಲ್ಲಿ 'ಮಿರ್ಜಾಪುರ' ಮೊದಲನೆಯದು. 2018ರಲ್ಲಿ ಬಂದು 2024ರ ಹೊತ್ತಿಗೆ ಮೂರು ಸೀಸನ್ ಮುಗಿಸಿದ ಈ ಸರಣಿಯಲ್ಲಿ ಪಂಕಜ್ ತ್ರಿಪಾಠಿಯವರ ಅಭಿನಯ ಒಂದೇ ನೋಡುವಂಥದ್ದು. ಉಳಿದದ್ದು ಪಿಸ್ತೂಲು, ರಕ್ತ ಮತ್ತು ತಾಯಿ ತಂಗಿಯರ ಹೆಸರೆತ್ತಿ ಬೈಯುವುದು. ಅದೇ ವರ್ಷದ 'ಸೇಕ್ರೆಡ್ ಗೇಮ್ಸ್' ಇದಕ್ಕಿಂತ ಎಷ್ಟೋ ಮೇಲು. ವಿಕ್ರಮ್ ಚಂದ್ರರ ಕಾದಂಬರಿಯನ್ನು ಆಧರಿಸಿದ್ದು. ಮೊದಲ ಸೀಸನ್‌ನಲ್ಲಿ ಮುಂಬೈ ನಗರದ ಬೆವರು ಮೂಗಿಗೆ ಬಡಿಯುತ್ತದೆ. ಎರಡನೆಯದರಲ್ಲಿ ಕಥೆ ದಾರಿ ತಪ್ಪಿ ಎಲ್ಲೋ ಹೋಗಿ ಬೀಳುತ್ತದೆ. ಇವೆರಡನ್ನೂ ಮನೆಮಂದಿಯೊಂದಿಗೆ ಕೂತು ನೋಡುವ ಪ್ರಶ್ನೆಯೇ ಇಲ್ಲ.

ಮನೆಮಂದಿಯೊಂದಿಗೆ ನೋಡಬಹುದಾದದ್ದು 'ಗುಲ್ಲಕ್'. ಗುಲ್ಲಕ್ ಎಂದರೆ ಮಕ್ಕಳು ಚಿಲ್ಲರೆ ಕೂಡಿಡುವ ಮಣ್ಣಿನ ಹುಂಡಿ. ಆ ಹುಂಡಿಯೇ ಇಲ್ಲಿ ಕಥೆ ಹೇಳುತ್ತದೆ. ವಿದ್ಯುತ್ ಇಲಾಖೆಯ ನೌಕರ ಸಂತೋಷ್ ಮಿಶ್ರಾ, ಹೆಂಡತಿ ಶಾಂತಿ, ಇಬ್ಬರು ಗಂಡುಮಕ್ಕಳು. ಕರೆಯದೆ ಒಳಗೆ ಬಂದು ಕೂರುವ ನೆರೆಮನೆಯಾಕೆಗೆ ಸ್ವಂತ ಹೆಸರೇ ಇಲ್ಲ, ಆಕೆ 'ಬಿಟ್ಟೂನ ಅಮ್ಮ' ಅಷ್ಟೇ. ಇಂಥ ನೆರೆಯವರು ಶಿಕಾರಿಪುರದ ಯಾವ ಬೀದಿಯಲ್ಲಿಲ್ಲ ಹೇಳಿ! 2019ರಿಂದ 2024ರವರೆಗೆ ನಾಲ್ಕು ಸೀಸನ್ ಬಂದವು. ಎಲ್ಲೂ ಯಾರೂ ಸಾಯುವುದಿಲ್ಲ, ಯಾರೂ ಓಡಿಹೋಗುವುದಿಲ್ಲ. ಕರೆಂಟ್ ಬಿಲ್, ಪರೀಕ್ಷೆಯ ಫಲಿತಾಂಶ, ಮದುವೆಯ ಕರೆಯೋಲೆ. ಇಷ್ಟರಲ್ಲೇ ಅದು ನಮ್ಮನ್ನು ಹಿಡಿದು ಕೂರಿಸುತ್ತದೆ.

'ಪಂಚಾಯತ್' ಇದಕ್ಕಿಂತಲೂ ಹೆಸರಾದದ್ದು. 2020ರ ಎಪ್ರಿಲ್‌ನಲ್ಲಿ ಶುರುವಾಗಿ 2025ರ ವೇಳೆಗೆ ನಾಲ್ಕು ಸೀಸನ್ ಕಂಡಿದೆ. ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಫುಲೇರಾ ಎಂಬ ಕಲ್ಪಿತ ಹಳ್ಳಿಗೆ ಪಟ್ಟಣದ ಯುವಕನೊಬ್ಬ ಪಂಚಾಯತ್ ಕಾರ್ಯದರ್ಶಿಯಾಗಿ ಬರುತ್ತಾನೆ. ಅಲ್ಲಿ ಪ್ರಧಾನೆ ಮಂಜು ದೇವಿ, ಆದರೆ ಅಧಿಕಾರ ನಡೆಸುವುದು ಅವರ ಗಂಡ. ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಮಂಜು ದೇವಿ ಗಣರಾಜ್ಯೋತ್ಸವದ ಧ್ವಜಾರೋಹಣಕ್ಕಾಗಿ ರಾಷ್ಟ್ರಗೀತೆಯನ್ನು ಕಷ್ಟಪಟ್ಟು ಬಾಯಿಪಾಠ ಮಾಡುವ ಪ್ರಸಂಗವಿದೆ. ನಗು ಬರುತ್ತದೆ, ಆ ನಗುವಿನ ಹಿಂದೆಯೇ ಗಂಟಲು ಕಟ್ಟುತ್ತದೆ. ನೀನಾ ಗುಪ್ತಾ, ರಘುವೀರ್ ಯಾದವ್ ಇಬ್ಬರೂ ಅಭಿನಯಿಸುತ್ತಿದ್ದಾರೆಂದು ಅನಿಸುವುದೇ ಇಲ್ಲ. ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕೂರುವ ಪದ್ಧತಿ ನಮ್ಮ ಗ್ರಾಮ ಪಂಚಾಯತ್‌ಗಳಿಗೆ ಅಪರಿಚಿತವಲ್ಲದ ಕಾರಣ ಇಲ್ಲಿನವರಿಗೆ ಅದು ಬೇಗ ಹತ್ತಿರವಾಯಿತು.

ಆದರೆ ಫುಲೇರಾವನ್ನು ಇಷ್ಟಪಡುತ್ತಲೇ ನಮಗೊಂದು ಪ್ರಶ್ನೆ ಕಾಡಿತು. ಆ ಊರಿನಲ್ಲಿ ನಮ್ಮ ಮನೆ ಎಲ್ಲಿದೆ? ಮುಖ್ಯ ಪಾತ್ರಗಳೆಲ್ಲ ದುಬೆ, ಪಾಂಡೆ, ತ್ರಿಪಾಠಿ, ಶುಕ್ಲಾ. ನಾಲ್ಕು ಸೀಸನ್ ಕಳೆದರೂ ಕಥೆಯನ್ನು ಮುಂದಕ್ಕೆ ನಡೆಸುವ ಒಂದು ಮುಸ್ಲಿಂ ಕುಟುಂಬ ಅಲ್ಲಿಲ್ಲ. ದಲಿತರ ಕೇರಿ ಕೂಡ ಕಣ್ಣಿಗೆ ಬೀಳುವುದಿಲ್ಲ. ಜಗಳ ನಡೆಯುವುದು ಸೋರೆಕಾಯಿಗೆ, ಚಕ್ರದ ಕುರ್ಚಿಗೆ, ರಸ್ತೆಗೆ. ಜಾತಿಗೆ, ಧರ್ಮಕ್ಕೆ ಅಲ್ಲಿ ಜಗಳವೇ ಇಲ್ಲ. ಯಾಕೆಂದರೆ ಜಗಳಕ್ಕೆ ಬೇಕಾದ ಎರಡನೆಯ ಪಕ್ಷವೇ ಊರಿನಲ್ಲಿಲ್ಲ. ಇದನ್ನು ದ್ವೇಷ ಎನ್ನಲಾಗದು. ಹೆಚ್ಚೆಂದರೆ ಮರೆವು ಎನ್ನಬಹುದು. ಶಿರಾಳಕೊಪ್ಪದಂಥ ಊರಿನಲ್ಲಿ ಬೆಳೆದವರಿಗೆ, ಒಂದೇ ಕೆರೆಯ ನೀರು ಕುಡಿದವರಿಗೆ, ಇಂಥ ಹಳ್ಳಿ ಸುಂದರವಾಗಿ ಕಾಣುತ್ತದೆಯೇ ಹೊರತು ಪೂರ್ತಿ ನಿಜವಾಗಿ ಕಾಣುವುದಿಲ್ಲ.

ಇಲ್ಲಿ ಅಬ್ದುಲ್ ನಜೀರ್ ಸಾಬರನ್ನು ನೆನೆಯದೆ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಗುಂಡ್ಲುಪೇಟೆಯಿಂದ ಬಂದ ಅವರು ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದರು. 1983ರ ಪಂಚಾಯತ್ ಕಾಯ್ದೆಯ ಹಿಂದಿದ್ದ ಶಕ್ತಿ ಅವರೇ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್‌ಗಳಿಗೆ ಚುನಾವಣೆ ನಡೆದಾಗ ಶೇಕಡಾ 25 ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ, 1992ರಲ್ಲಿ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. 1988ರಲ್ಲಿ ತೀರಿಕೊಂಡರು. ಇಂದಿಗೂ ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರದೇ ಹೆಸರು. ಮಂಜು ದೇವಿಯರನ್ನು ಕುರ್ಚಿಯಲ್ಲಿ ಕೂರಿಸಲು ದೇಶದಲ್ಲೇ ಮೊದಮೊದಲು ಕಾನೂನು ಮಾಡಿದವರಲ್ಲಿ ಒಬ್ಬರು ಕನ್ನಡದ ಒಬ್ಬ ಸಾಬರು. 'ಪಂಚಾಯತ್' ಸರಣಿ 2024ರಲ್ಲಿ ತಮಿಳಿಗೆ ಹೋಯಿತು, 2025ರಲ್ಲಿ ತೆಲುಗಿಗೆ ಹೋಯಿತು. ಕನ್ನಡಕ್ಕೆ ಬರಲಿಲ್ಲ. ಬಂದಿದ್ದರೆ ಕನ್ನಡದ ಫುಲೇರಾದಲ್ಲಿ ಒಂದು ಹಳೆಯ ಬೋರ್‌ವೆಲ್ ಪಂಪಿನ ಬಳಿಯಾದರೂ ಆ ಹೆಸರು ಕೇಳಿಸುತ್ತಿತ್ತೇನೋ.

ಇನ್ನು ಆ ಹುಡುಗನನ್ನು ಕಾಡಿದ 'ದಿ ಫ್ಯಾಮಿಲಿ ಮ್ಯಾನ್'ಗೆ ಬರೋಣ. 2019ರ ಈ ಸರಣಿಯನ್ನು ತಯಾರಿಸಿದ ರಾಜ್ ಮತ್ತು ಡಿಕೆ ಜೋಡಿಗೆ ಕಥೆ ಹೇಳಲು ಬರುತ್ತದೆ. ಮನೆಯಲ್ಲಿ ಸಾಲದ ಕಂತಿಗೆ ತತ್ತರಿಸುವ, ಹೊರಗೆ ದೇಶ ಕಾಯುವ ಗುಪ್ತಚರನ ಪಾತ್ರದಲ್ಲಿ ಮನೋಜ್ ಬಾಜಪೇಯಿ ಅದ್ಭುತ. ನ್ಯಾಯವಾಗಿ ಹೇಳಬೇಕೆಂದರೆ ಮೊದಲ ಸೀಸನ್ನಿನಲ್ಲಿ ಕರೀಮ್ ಎಂಬ ವಿದ್ಯಾರ್ಥಿಯ ಪ್ರಸಂಗವಿದೆ. ಭಯೋತ್ಪಾದಕನೆಂದು ತಪ್ಪಾಗಿ ತಿಳಿದು ಅವನನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ಆ ತಪ್ಪು ನಾಯಕನನ್ನು ನಿದ್ದೆಗೆಡಿಸುತ್ತದೆ. ಹಿಂದಿ ಸಿನಿಮಾ ಇಂಥದ್ದನ್ನು ಹೇಳಲು ಹೆದರುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಭಯೋತ್ಪಾದಕರನ್ನು ಎದುರಿಸುವ ಇಮ್ರಾನ್ ಪಾಶಾ ಎಂಬ ಅಧಿಕಾರಿಯೂ ಇದ್ದಾನೆ. ಆ ಪಾತ್ರ ಮಾಡಿದವರು ನಮ್ಮ ಕನ್ನಡದ ಕಿಶೋರ್. ಆದರೂ ಒಟ್ಟು ಲೆಕ್ಕ ಹಾಕಿದರೆ ಅಲ್ಲಿನ ಮುಸ್ಲಿಮನಿಗೆ ಮೂರೇ ಕೆಲಸ. ಬಾಂಬು ಇಡುವುದು, ಬಾಂಬು ಇಡುವವನನ್ನು ಹಿಡಿಯುವುದು, ಇಲ್ಲವೇ ತಪ್ಪಾಗಿ ಸಾಯುವುದು. ಅಡಿಕೆ ವ್ಯಾಪಾರ ಮಾಡುವ, ಮಗಳ ಫೀಸಿಗೆ ಪರದಾಡುವ, ಸಾಲದ ಕಂತು ಕಟ್ಟುವ ಮುಸ್ಲಿಮನೊಬ್ಬ ಅಲ್ಲಿಲ್ಲ. ಆ ಎಲ್ಲ ಮನುಷ್ಯ ಸಹಜ ತೊಡಕುಗಳು ತಿವಾರಿಯ ಪಾಲಿಗೆ ಬಂದಿವೆ. 2021ರ ಎರಡನೇ ಸೀಸನ್ನಿನಲ್ಲಿ ಶ್ರೀಲಂಕಾದ ತಮಿಳು ಹೋರಾಟಗಾರರು ಆ ಜಾಗಕ್ಕೆ ಬಂದಾಗ ತಮಿಳುನಾಡು ಸರಕಾರವೇ ಆಕ್ಷೇಪ ಎತ್ತಿತು. ಬೆನ್ನಿಗೆ ಒಂದು ರಾಜ್ಯ ಸರಕಾರ ಇಲ್ಲದವರು ಏನು ಮಾಡಬೇಕು?

ಸೊರಬದ ಗುಡಿಗಾರರ ಕೆತ್ತನೆ ಹೆಸರುವಾಸಿ. ಶ್ರೀಗಂಧದ ಒಂದು ತುಂಡಿಗೂ ಇನ್ನೊಂದಕ್ಕೂ ಎಳೆ ಬೇರೆ, ಆದ್ದರಿಂದ ಉಳಿ ಹಿಡಿಯುವ ರೀತಿಯೂ ಬೇರೆ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಆನೆಗಳು ಹಾಗಲ್ಲ, ಒಂದೇ ಅಚ್ಚಿನಿಂದ ಸಾವಿರ ಬರುತ್ತವೆ. ನಾವು ನೋಡಿದ ಸರಣಿಗಳಲ್ಲಿ ಹೆಚ್ಚಿನ ಮುಸ್ಲಿಂ ಪಾತ್ರಗಳು ಅಚ್ಚಿನಿಂದ ಬಂದವು. ಕೆತ್ತಿದ ಪಾತ್ರಗಳು ಸಿಕ್ಕಿದ್ದು 'ಪಾತಾಳ ಲೋಕ್' ಸರಣಿಯಲ್ಲಿ.

2020ರ ಮೇ ತಿಂಗಳಲ್ಲಿ ಬಂದ ಇದು ಪೊಲೀಸ್ ಕಥೆ. ದೆಹಲಿಯ ಅಂಚಿನ ಠಾಣೆಯ ಇನ್‌ಸ್ಪೆಕ್ಟರ್ ಹಾಥಿರಾಮ್ ಚೌಧರಿ, ಯಾರೂ ಲೆಕ್ಕಕ್ಕಿಡದ ಮನುಷ್ಯ. ಜೈದೀಪ್ ಅಹ್ಲಾವತ್ ಆ ಪಾತ್ರಕ್ಕೆ ಕೊಟ್ಟಿರುವ ಆಯಾಸವನ್ನು ನೋಡಬೇಕು. ಅವನ ಜೊತೆಗಿರುವ ಕಿರಿಯ ಅಧಿಕಾರಿ ಇಮ್ರಾನ್ ಅನ್ಸಾರಿ ಐಎಎಸ್, ಐಪಿಎಸ್ ಪರೀಕ್ಷೆಗೆ ಓದುತ್ತಿರುವವನು. ಠಾಣೆಯಲ್ಲಿ ಅವನೆದುರೇ ಅವನ ಸಮುದಾಯದ ಬಗ್ಗೆ ಮಾತುಗಳು ಹಾರುತ್ತವೆ. ಅವನು ಭಾಷಣ ಮಾಡುವುದಿಲ್ಲ, ಕಣ್ಣೀರೂ ಹಾಕುವುದಿಲ್ಲ. ಕಡತ ತಿರುವುತ್ತಾನೆ. ಆ ಮೌನವನ್ನು ಸರಕಾರಿ ಕಚೇರಿಗಳಲ್ಲಿ ಕೆಲಸ ಮಾಡಿರುವ ನಮ್ಮವರೆಲ್ಲ ಬಲ್ಲರು. ಅದನ್ನು ಪರದೆಯ ಮೇಲೆ ಕಂಡದ್ದು ನಮಗೆ ಇದೇ ಮೊದಲು. ಇಶ್ವಾಕ್ ಸಿಂಗ್ ಎಂಬ ನಟ ಅದನ್ನು ಹೇಗೆ ಹಿಡಿದರೋ!

ಅದೇ ಸರಣಿಯಲ್ಲಿ ಕಬೀರ್ ಎಂ. ಎಂಬ ಆರೋಪಿ ಇದ್ದಾನೆ. ಹೆಸರಿನ ಕೊನೆಯ ಒಂದಕ್ಷರದಲ್ಲಿ ತನ್ನ ಧರ್ಮವನ್ನು ಬಚ್ಚಿಟ್ಟುಕೊಂಡವನು. ಸುನ್ನತ್ ಆಗಿರುವುದು ವೈದ್ಯಕೀಯ ಕಾರಣಕ್ಕೆ ಎಂಬ ಪ್ರಮಾಣಪತ್ರವನ್ನು ಜೊತೆಗೇ ಇಟ್ಟುಕೊಂಡು ತಿರುಗುವವನು. ಅಣ್ಣನನ್ನು ಜನರ ಗುಂಪು ಹೊಡೆದು ಕೊಂದ ಮೇಲೆ ತಂದೆ ಉಳಿದ ಮಗನನ್ನು ಹೀಗೆ ಬೆಳೆಸಿದ್ದಾರೆ. ತನಿಖಾ ಸಂಸ್ಥೆ ಅವನನ್ನು ಜಿಹಾದಿ ಎಂದು ಘೋಷಿಸುತ್ತದೆ. ಆಗ ತಂದೆ ಹಾಥಿರಾಮನ ಎದುರು ಕೂತು ಆಡುವ ಮಾತಿನ ತಾತ್ಪರ್ಯ ಇದು: ಮುಸಲ್ಮಾನನಾಗಲೂ ನಾನು ಬಿಡದ ಮಗನನ್ನು ನೀವು ಜಿಹಾದಿ ಮಾಡಿಬಿಟ್ಟಿರಿ. ಈ ದೃಶ್ಯವನ್ನು ನಾವು ಎರಡು ಸಲ ನೋಡಲು ಹೋಗಿ ಎರಡನೇ ಸಲ ಆಗಲಿಲ್ಲ.

ಒಂದು ಸ್ವಾರಸ್ಯ ಕೇಳಿ. ಕಬೀರ್ ಎಂ. ಪಾತ್ರ ಮಾಡಿದ ಆಸಿಫ್ ಖಾನ್, ಅದಕ್ಕೆ ಒಂದು ತಿಂಗಳು ಮೊದಲು 'ಪಂಚಾಯತ್'ನಲ್ಲಿ ಫುಲೇರಾಕ್ಕೆ ಬಂದ ಮದುಮಗ. ಕಾರ್ಯದರ್ಶಿಯ ಚಕ್ರದ ಕುರ್ಚಿಯೇ ಬೇಕೆಂದು ಹಟ ಹಿಡಿಯುವ ಆ ಅಳಿಯ ಗಣೇಶ ಇವರೇ. ಇಷ್ಟೇ ಅಲ್ಲ, ಫುಲೇರಾದಲ್ಲಿ ಯೋಧ ಮಗನನ್ನು ಕಳೆದುಕೊಂಡು ಇಡೀ ದೇಶವನ್ನು ಅಳಿಸಿದ ಪ್ರಹ್ಲಾದ್ ಪಾಂಡೆ ನಿಜದಲ್ಲಿ ಫೈಸಲ್ ಮಲಿಕ್. 'ಗುಲ್ಲಕ್'ನ ಸಂತೋಷ್ ಮಿಶ್ರಾ ಜಮೀಲ್ ಖಾನ್. 'ಮಿರ್ಜಾಪುರ'ದ ಗುಡ್ಡು ಪಂಡಿತ್ ಅಲಿ ಫಜಲ್. ಅತ್ತ ಇಮ್ರಾನ್ ಅನ್ಸಾರಿಗೆ ಜೀವ ಕೊಟ್ಟವರು ಇಶ್ವಾಕ್ ಸಿಂಗ್. ಫುಲೇರಾದಲ್ಲಿ ನಮ್ಮ ಮನೆ ಎಲ್ಲಿ ಎಂದು ಕೇಳಿದೆವಲ್ಲ, ಆ ಮನೆ ಪಾಂಡೆಯವರ ಮುಖದಲ್ಲಿತ್ತು! ಬಣ್ಣ ಹಚ್ಚಿಕೊಳ್ಳುವವರ ಕೋಣೆಯಲ್ಲಿ ಇಷ್ಟು ಸಲೀಸಾಗಿ ಆಗುವ ಕೊಡುಕೊಳ್ಳುವಿಕೆ ಕಥೆ ಬರೆಯುವವರ ಕೋಣೆಯಲ್ಲಿ ಯಾಕೆ ಆಗುವುದಿಲ್ಲ?

ಬರೆಯುವವರ ಕೋಣೆಯಲ್ಲಿ ಏನಾಗುತ್ತದೆಂದು ತಿಳಿಯಲು 'ರಾಕೆಟ್ ಬಾಯ್ಸ್' ನೋಡಬೇಕು. ಹೋಮಿ ಭಾಭಾ, ವಿಕ್ರಮ್ ಸಾರಾಭಾಯಿ ಇವರ ಕಥೆ. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಬಳಿ ಇದ್ದವರಾದ್ದರಿಂದ ಕನ್ನಡಿಗರಿಗೆ ಹತ್ತಿರದ ವಿಷಯ. 2022ರಲ್ಲಿ ಬಂದ ಮೊದಲ ಸೀಸನ್ ಮಕ್ಕಳಿಗೆ ತೋರಿಸುವಂತಿದೆ, ವಿಜ್ಞಾನವನ್ನು ಇಷ್ಟು ಪ್ರೀತಿಯಿಂದ ತೋರಿಸಿದ ಸರಣಿ ಹಿಂದಿಯಲ್ಲಿ ಅಪರೂಪ. ಅಬ್ದುಲ್ ಕಲಾಂ ಯುವಕನಾಗಿ ಅಲ್ಲಿ ಬರುತ್ತಾರೆ. ಆದರೆ ಭಾಭಾರ ಎದುರಾಳಿಯಾಗಿ ಮೆಹ್ದಿ ರಜಾ ಎಂಬ ವಿಜ್ಞಾನಿಯನ್ನು ತಂದಿದ್ದಾರೆ. ಅಂಥವರೊಬ್ಬರು ಇತಿಹಾಸದಲ್ಲಿ ಇರಲಿಲ್ಲ. ಭಾಭಾರ ಅಣುಶಕ್ತಿ ನೀತಿಯನ್ನು ನಿಜವಾಗಿ ವಿರೋಧಿಸಿದವರು ಮೇಘನಾದ ಸಾಹಾ. ಕಲ್ಪಿತ ಪಾತ್ರ ತರುವುದು ತಪ್ಪಲ್ಲ. ಆದರೆ ಅಸೂಯೆಯ, ಅನುಮಾನದ ನೆರಳು ಬೀಳಬೇಕಾದ ಜಾಗಕ್ಕೆ ಒಬ್ಬನನ್ನು ಹೊಸದಾಗಿ ಹುಟ್ಟಿಸಬೇಕಾದಾಗ ಅವನಿಗೆ ಆ ಹೆಸರೇ ಹೇಗೆ ಹೊಳೆಯಿತು?

ಇದಕ್ಕೆ ವಿರುದ್ಧವಾದ ಉದಾಹರಣೆ 'ದಿ ರೈಲ್ವೇ ಮೆನ್'. 2023ರ ನವೆಂಬರಿನಲ್ಲಿ ಬಂದದ್ದು, ನಾಲ್ಕೇ ಕಂತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ ರೈಲ್ವೆ ನಿಲ್ದಾಣದಲ್ಲಿ ಏನಾಯಿತು ಎಂಬ ಕಥೆ. ಕೆ.ಕೆ. ಮೆನನ್ ಮಾಡಿರುವ ಸ್ಟೇಷನ್ ಮಾಸ್ತರನ ಹೆಸರು ಇಫ್ತಿಕಾರ್ ಸಿದ್ದೀಕಿ. ದಿವಂಗತ ಇರ್ಫಾನ್ ಖಾನ್‌ರ ಮಗ ಬಾಬಿಲ್ ಕೂಡ ಇದರಲ್ಲಿದ್ದಾರೆ. ಇಫ್ತಿಕಾರ್ ಸಾಹೇಬರು ಎಲ್ಲೂ ತಮ್ಮ ದೇಶಪ್ರೇಮವನ್ನು ಸಾಬೀತು ಮಾಡಲು ಹೊರಡುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಜನ ಸಾಯುತ್ತಿದ್ದಾರೆ, ತಾನು ಕರ್ತವ್ಯದಲ್ಲಿದ್ದೇನೆ, ಅಷ್ಟೇ. ಆ ವರ್ಷ ಇಂದಿರಾ ಗಾಂಧಿ ಹತ್ಯೆಯ ನಂತರ ಸಿಖ್ಖರ ಮೇಲಾದ ದಾಳಿಯ ನೆನಪನ್ನೂ ಅದೇ ರಾತ್ರಿಯ ರೈಲಿನೊಳಗೆ ತಂದಿದ್ದಾರೆ. ಕೆಲವೆಡೆ ಸಿನಿಮೀಯತೆ ಜಾಸ್ತಿಯಾಯಿತು ಎನಿಸಿದರೂ ನಾವು ಓದುಗರಿಗೆ ಒಂದೇ ಸರಣಿಯ ಹೆಸರು ಹೇಳಬೇಕಾದರೆ ಇದನ್ನೇ ಹೇಳುತ್ತೇವೆ.

ಇನ್ನುಳಿದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹರ್ಷದ್ ಮೆಹ್ತಾ ಹಗರಣದ 'ಸ್ಕ್ಯಾಮ್ 1992' ಬ್ಯಾಂಕು, ಷೇರು ಏನೆಂದೇ ತಿಳಿಯದವರೂ ಕುತೂಹಲದಿಂದ ನೋಡುವಂತಿದೆ. ನಿರ್ಭಯಾ ಪ್ರಕರಣದ ತನಿಖೆಯನ್ನು ಹೇಳುವ 'ದೆಹಲಿ ಕ್ರೈಂ' 2020ರಲ್ಲಿ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಪಡೆಯಿತು. ಹೆಣ್ಣುಮಕ್ಕಳ ತಾಯ್ತಂದೆಯರು ಮೊದಲು ತಾವು ನೋಡಲಿ. 2024ರ 'ಹೀರಾಮಂಡಿ'ಯಲ್ಲಿ ಉರ್ದು ಇದೆ, ಝರಿಯಿದೆ, ಮುತ್ತಿದೆ. ಆ ಉರ್ದುವಿಗೂ ಬದುಕಿಗೂ ಸಂಬಂಧವಿಲ್ಲ. ಅದು ಕೂಡ ಉಡುಪಿನ ಒಂದು ಭಾಗ. ಬಸ್ಸಿನ ಆ ಅಜ್ಜಿಯ ಐದು ಶಬ್ದದಲ್ಲಿ ಅದಕ್ಕಿಂತ ಹೆಚ್ಚು ಭಾಷೆ ಇತ್ತು.

ಇಷ್ಟು ಹೇಳಿದ ಮೇಲೆ ಒಂದು ಅನುಮಾನವನ್ನೂ ಹೇಳಬೇಕು. 'ಪಾತಾಳ ಲೋಕ್' ಮೊದಲ ಸೀಸನ್ನಿನಂಥದ್ದು ಈಗ ಬಂದೀತೇ? 2021ರ ಜನವರಿಯಲ್ಲಿ 'ತಾಂಡವ್' ಸರಣಿಯ ಮೇಲೆ ಊರೂರಲ್ಲಿ ದೂರು ದಾಖಲಾಗಿ, ದೃಶ್ಯಗಳನ್ನು ಕತ್ತರಿಸಿ ಕ್ಷಮೆ ಕೇಳಬೇಕಾಯಿತು. ಮರುತಿಂಗಳೇ ಒಟಿಟಿಗೆ ಕೇಂದ್ರ ಸರಕಾರದ ಹೊಸ ನಿಯಮಗಳು ಬಂದವು. ಆಮೇಲೆ ಬೈಗುಳ ಕಡಿಮೆಯಾಗಲಿಲ್ಲ, ರಕ್ತವೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಕಬೀರನ ತಂದೆಯಂಥವರ ಮಾತು.

ಹಾಗಾದರೆ ಕನ್ನಡದಲ್ಲೇ ಮಾಡಿಕೊಳ್ಳಬಾರದೇ ಎಂದು ಕೇಳಬಹುದು. ಹಾಗೆ ನೋಡಿದರೆ ನಮ್ಮ ಜಿಲ್ಲೆಗೆ ಸರಣಿ ಹೊಸದಲ್ಲ. 1986ರಲ್ಲಿ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಮಾಡಿದ್ದು ನಮ್ಮ ಆಗುಂಬೆಯಲ್ಲಿ. ಅದು ಹಿಂದಿ ಧಾರಾವಾಹಿಯೇ. ಆದರೆ ಮಾಸ್ಟರ್ ಮಂಜುನಾಥ್, ಗಿರೀಶ್ ಕಾರ್ನಾಡ್, ಅನಂತ್ ನಾಗ್ ಮೊದಲಾದ ಕನ್ನಡಿಗರು ನಮ್ಮ ಮಳೆ, ನಮ್ಮ ಹೆಂಚಿನ ಮನೆಗಳ ನಡುವೆ ಆ ಹಿಂದಿ ಆಡಿದರು. ದೇಶಕ್ಕೆ ಅಂದು ಹಿಂದಿ ಸರಣಿ ಕೊಟ್ಟ ಜಿಲ್ಲೆ ಇಂದು ಅದನ್ನು ತರಿಸಿಕೊಳ್ಳುತ್ತಿದೆ. ಕನ್ನಡದ 'ಏಕಂ' ಎಂಬ ಒಳ್ಳೆಯ ಸರಣಿಯನ್ನು ದೊಡ್ಡ ಒಟಿಟಿಗಳು ಕೊಳ್ಳಲು ಮುಂದೆ ಬಾರದೆ, 2024ರ ಜುಲೈಯಲ್ಲಿ ತಯಾರಕರು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಕಥೆಗೆ ಇಲ್ಲಿ ಬರವೇ? ಅಕ್ಕಪಕ್ಕದ ಈ ಎರಡು ತಾಲೂಕುಗಳು ಬಂಗಾರಪ್ಪ ಮತ್ತು ಯಡಿಯೂರಪ್ಪ ಎಂಬ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಸೊರಬದಲ್ಲಿ ಬಂಗಾರಪ್ಪನವರ ಇಬ್ಬರು ಮಕ್ಕಳು ಎದುರುಬದುರು ನಿಂತು 2018ರಲ್ಲಿ ಅಣ್ಣ, 2023ರಲ್ಲಿ ತಮ್ಮ ಗೆದ್ದರು. ಇದನ್ನು ಬರೆಯಲು ಮಿರ್ಜಾಪುರದಿಂದ ಯಾರೂ ಬರಬೇಕಾಗಿಲ್ಲ, ಪಿಸ್ತೂಲೂ ಬೇಕಾಗಿಲ್ಲ.

ಆ ಹುಡುಗನಿಗೆ ನಾವು 'ದಿ ರೈಲ್ವೇ ಮೆನ್' ನೋಡಲು ಹೇಳಿದೆವು. ಅವನು ಅದೇ ಗೆಳೆಯನ ಮನೆಯಲ್ಲಿ, ಎರಡು ಭಾನುವಾರಗಳಲ್ಲಿ ನೋಡಿ ಮುಗಿಸಿದ. ಎರಡನೇ ಭಾನುವಾರ ಗೆಳೆಯನ ತಾಯಿಯೂ ಕೂತರಂತೆ. 'ಬೇರೆ ಹಾಕ್ರೋ' ಎನ್ನಲಿಲ್ಲ, ಎದ್ದೂ ಹೋಗಲಿಲ್ಲ. ಮುಗಿದ ಮೇಲೆ, "ಆ ಸ್ಟೇಷನ್ ಮಾಸ್ತರು ನಿಜವಾಗ್ಲೂ ಇದ್ರಾ?" ಎಂದು ಕೇಳಿದರು. ಮಕ್ಕಳು ಮೊಬೈಲಿನಲ್ಲಿ ಹುಡುಕಿದರು. ಭೋಪಾಲ ನಿಲ್ದಾಣದಲ್ಲಿ ಅಂದು ಕರ್ತವ್ಯದಲ್ಲಿದ್ದು, ತುಂಬಿದ್ದ ಗೋರಖಪುರದ ರೈಲನ್ನು ಹೊತ್ತಿಗೆ ಮೊದಲೇ ಹೊರಡಿಸಿ ನೂರಾರು ಜೀವ ಉಳಿಸಿದ ಉಪ ಸ್ಟೇಷನ್ ಅಧೀಕ್ಷಕರ ಹೆಸರು ಗುಲಾಮ್ ದಸ್ತಗೀರ್. ಆ ಗಾಳಿ ಕುಡಿದು ಕಾಯಿಲೆಯಾಗಿ, 2003ರಲ್ಲಿ ತೀರಿಕೊಂಡವರು.

"ಮತ್ತೆ ಹೆಸರು ಯಾಕೆ ಬದಲಾಯಿಸಿದ್ರು?" ಎಂದು ಅವರು ಕೇಳಿದ್ದಕ್ಕೆ ಇಬ್ಬರು ಹುಡುಗರಲ್ಲೂ ಉತ್ತರ ಇರಲಿಲ್ಲವಂತೆ.